ಪೈಲಟ್ ಆಗುವ ದಾರಿ: ಹಣ ಕಟ್ಟುವುದು ಕೊನೆಯ ಮೆಟ್ಟಿಲು

ಹತ್ತನೆಯ ತರಗತಿಯ ರಿಸಲ್ಟ್ ಬಂದ ವಾರ ಶಾಲೆಯ ಕಟ್ಟೆಯ ಮೇಲೆ ಬಂದು ಕೂಡುವ ಮಕ್ಕಳಲ್ಲಿ ಒಬ್ಬರಾದರೂ ಈಗ ಈ ಪ್ರಶ್ನೆ ಕೇಳುತ್ತಾರೆ: "ಸರ್, ಪೈಲಟ್ ಆಗಾಕ ಏನ್ ಕಲೀಬೇಕ್ರಿ?" ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಮುಚ್ಚಂಡಿಯಿಂದ ಬಸ್ಸಿನಲ್ಲಿ ಹೋಗಿ ಅದೇ ದಿನ ತಿರುಗಿ ಬರುವಷ್ಟು ದೂರದಲ್ಲಿ ಕೊಲ್ಹಾಪುರ, ಸೊಲ್ಲಾಪುರ, ಬೆಳಗಾವಿಯ ವಿಮಾನ ನಿಲ್ದಾಣಗಳಿವೆ. ಬೆಳಗಾವಿಯ ಸಾಂಬ್ರಾದಲ್ಲಿ ಹಾರಾಟ ಕಲಿಸುವ ಶಾಲೆಯೂ ಇದೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು, ವಿಜ್ಞಾನ ಮತ್ತು ಗಣಿತದ ಶಿಕ್ಷಕರು. ಯಾಕೆಂದರೆ ನಾವು ಹೇಳದಿದ್ದರೆ ಯಾವುದೋ ಊರಿನ ಏಜೆಂಟ್ ಹೇಳುತ್ತಾನೆ. ಅವನ ಮೊದಲ ಮಾತೇ "ಸೀಟು ಮುಗಿಯಾಕ ಬಂದಾವ, ಇವತ್ತ ಇಷ್ಟು ಕಟ್ರಿ" ಅಂತ ಇರುತ್ತದೆ.

ಈ ಕಲಿಕೆಯ ಖರ್ಚು ನಮ್ಮ ಕಡೆಯ ಮನೆತನಕ್ಕೆ ಹಗುರವಲ್ಲ. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸನ್ಸ್, ಅಂದರೆ ಸಿಪಿಎಲ್ ಮುಗಿಸಲು ಸುಮಾರು 45ರಿಂದ 60 ಲಕ್ಷ ರೂಪಾಯಿ ಬೇಕು. ಆಮೇಲೆ ಏರ್‌ಬಸ್ 320 ಅಥವಾ ಬೋಯಿಂಗ್ 737 ನಡೆಸುವ ಟೈಪ್ ರೇಟಿಂಗ್‌ಗೆ ಇನ್ನೂ 15-20 ಲಕ್ಷ. ಹೀಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ. ಕಡಿಮೆ ಖರ್ಚಿನ ಹೆಜ್ಜೆಗಳನ್ನು ಮೊದಲು ಇಟ್ಟು, ಅವುಗಳಲ್ಲಿ ಪಾಸಾದ ಮೇಲೆ ದೊಡ್ಡ ಹಣ ಕಟ್ಟಬೇಕು. ಬಹಳ ಕಡೆ ಆಗುತ್ತಿರುವುದು ಇದರ ತಿರುಗಾಮುರುಗಾ.

ಮೊದಲ ಕವಲು: ಹನ್ನೊಂದನೆಯ ತರಗತಿ

ಸಿಪಿಎಲ್‌ಗೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು. ಹನ್ನೊಂದಕ್ಕೆ ಹೆಸರು ಹಚ್ಚುವಾಗ ಡಾಕ್ಟರಾಗುವ ಆಸೆಗೆ ಜೀವಶಾಸ್ತ್ರ ಹಿಡಿದು ಗಣಿತ ಬಿಡುವ ಮಕ್ಕಳು ನಮ್ಮಲ್ಲಿ ಬಹಳ. ಆ ಒಂದು ಸಹಿಯಿಂದ ಈ ದಾರಿ ಮುಚ್ಚುತ್ತದೆ. ಪೂರ್ತಿ ಅಲ್ಲ, ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬಿಟ್ಟ ವಿಷಯ ಬರೆದು ಪಾಸಾಗಬಹುದು. ಆದರೆ ಒಂದು ವರ್ಷ ಹೋಗುತ್ತದೆ. ವಿಜ್ಞಾನ ಓದದವರಿಗೂ ಅವಕಾಶ ಕೊಡುವ ಮಾತು 2025ರಲ್ಲಿ ಕೇಳಿಬಂದಿತ್ತು. ಆ ಮಾತು ನಂಬಿ ಮಕ್ಕಳಿಗೆ ಗಣಿತ ಬಿಡಿಸಬೇಡಿ. ನಿಯಮ ಸಡಿಲಾದರೂ ಮುಂದಿನ ಪರೀಕ್ಷೆಗಳ ಒಳಗೆ ಇರುವುದು ಗಣಿತ, ಭೌತಶಾಸ್ತ್ರವೇ.

ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷಿನ ಹೆದರಿಕೆ ಇರುತ್ತದೆ. ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲೇ, ಜೊತೆಗೆ ಅಂತರರಾಷ್ಟ್ರೀಯ ಅಳತೆಯಲ್ಲಿ ನಾಲ್ಕನೆಯ ಮಟ್ಟದ ಮಾತಿನ ಇಂಗ್ಲಿಷ್ ಬೇಕು. ಆದರೆ ಅಲ್ಲಿ ಬೇಕಾದದ್ದು ಭಾಷಣದ ಇಂಗ್ಲಿಷ್ ಅಲ್ಲ. ರೇಡಿಯೊದಲ್ಲಿ ಆಡುವ ಮಾತು ಚಿಕ್ಕದು, ಕಟ್ಟುನಿಟ್ಟಾದದ್ದು. ಗದ್ದಲದಲ್ಲಿ ಒಂದು ಅಂಕಿ ಇನ್ನೊಂದರಂತೆ ಕೇಳಬಾರದು ಎಂದು ಥ್ರೀಗೆ "ಟ್ರೀ", ನೈನ್‌ಗೆ "ನೈನರ್" ಎನ್ನುತ್ತಾರೆ. ಎಂಟನೆಯ ತರಗತಿಯ ಮಕ್ಕಳಿಂದ ಇದನ್ನು ಆಟವಾಗಿ ಆಡಿಸಬಹುದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಅಂತ ಮೂರು ಭಾಷೆ ಸಲೀಸಾಗಿ ಬದಲಿಸುವವರು. ನಾಲ್ಕನೆಯದು ಅವರಿಗೆ ಆಗದ ಮಾತಲ್ಲ.

ಡಾಕ್ಟರ ಬಳಿ ಮೊದಲು

ಹನ್ನೆರಡು ಮುಗಿದ ಕೂಡಲೇ ಮಾಡಿಸಬೇಕಾದದ್ದು ಕ್ಲಾಸ್ 2 ವೈದ್ಯಕೀಯ ತಪಾಸಣೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಎಲ್ಲರ ಬಾಯಲ್ಲಿ ಡಿಜಿಸಿಎ) ಒಪ್ಪಿದ ಡಾಕ್ಟರರ ಪಟ್ಟಿ ಅದರ ವೆಬ್‌ಸೈಟಿನಲ್ಲಿ ಇರುತ್ತದೆ. ಕೆಲವು ಸಾವಿರ ರೂಪಾಯಿಯ ಕೆಲಸ. ಆಮೇಲೆ ಇನ್ನೂ ಬಿಗಿಯಾದ ಕ್ಲಾಸ್ 1 ತಪಾಸಣೆ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದಕ್ಕೆ ಹೆಸರಾದದ್ದು. ಈ ಎರಡೂ ಆಗುವ ತನಕ ಯಾವ ಶಾಲೆಗೂ ದೊಡ್ಡ ಕಂತು ಕಟ್ಟಬಾರದು.

ಕನ್ನಡಕ ಇದ್ದವರು ಪೈಲಟ್ ಆಗಲಾರರು ಎಂಬ ಮಾತು ಊರೂರಲ್ಲಿ ಇದೆ. ಅದು ಸುಳ್ಳು. ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಹೋದರೆ ಸಾಕು. ನಿಜವಾದ ತೊಡಕು ಬಣ್ಣಗುರುಡು. ರನ್‌ವೇ ದೀಪ, ಗೋಪುರದ ಸಂಕೇತ, ಮುಂದಿನ ವಿಮಾನದ ರೆಕ್ಕೆಯ ತುದಿ, ಎಲ್ಲದರಲ್ಲೂ ಕೆಂಪು-ಹಸಿರಿನ ಭೇದವೇ ಮಾಹಿತಿ. ಈ ದೋಷ ಇರುವ ಹುಡುಗನಿಗೆ ಹದಿನೆಂಟು ವರ್ಷ ತನಕ ಅದು ಗೊತ್ತೇ ಇರದಿರುವುದು ಸಾಮಾನ್ಯ, ಯಾಕೆಂದರೆ ಅವನು ನೋಡಿದ್ದೇ ಅಷ್ಟು. ಅನುವಂಶೀಯತೆಯ ಪಾಠ ಮಾಡುವಾಗ ಇದನ್ನು ತರಬೇಕು. ಈ ದೋಷದ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ. ಹುಡುಗನಿಗೆ ಇರುವುದು ತಾಯಿಯಿಂದ ಬಂದ ಒಂದೇ ಎಕ್ಸ್. ತಾಯಿಯ ತಂದೆಗೆ ಬಣ್ಣಗುರುಡು ಇದ್ದರೆ ತಾಯಿ ಖಂಡಿತ ವಾಹಕಿ. ಆಕೆಯ ಪ್ರತಿ ಮಗನಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇಶಿಹಾರಾ ಚುಕ್ಕೆಗಳ ಪುಟವನ್ನು ಒಮ್ಮೆ ಕಣ್ಣಿನ ಡಾಕ್ಟರ ಬಳಿ ತೋರಿಸಿಕೊಂಡರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಹೊಲ ಮಾರಿದ ಮೇಲೆ ತಿಳಿಯುವುದಕ್ಕಿಂತ ಇದು ಮೇಲು.

ಪುಸ್ತಕದ ಪರೀಕ್ಷೆ

ಡಿಜಿಸಿಎ ಕೊಡುವ ಕಂಪ್ಯೂಟರ್ ನಂಬರ್ ಪಡೆದು ಬರೆಯಬೇಕಾದ ಪೇಪರುಗಳು ಇವು: ಏರ್ ನ್ಯಾವಿಗೇಷನ್, ಹವಾಮಾನಶಾಸ್ತ್ರ, ಏರ್ ರೆಗ್ಯುಲೇಷನ್, ಟೆಕ್ನಿಕಲ್ ಜನರಲ್, ತಾನು ಹಾರಿಸುವ ವಿಮಾನದ ಬಗ್ಗೆ ಟೆಕ್ನಿಕಲ್ ಸ್ಪೆಸಿಫಿಕ್. ಇವುಗಳಲ್ಲದೆ ರೇಡಿಯೊ ಮಾತಿನ ಆರ್‌ಟಿಆರ್. ಪಾಸಾಗಲು ನೂರಕ್ಕೆ 70 ಬೇಕು. ಇವುಗಳಲ್ಲಿ ಹೆಚ್ಚಿನವನ್ನು ಹಾರಾಟದ ಶಾಲೆ ಸೇರುವ ಮೊದಲೇ ಬರೆಯಬಹುದು. ನನ್ನ ಮಟ್ಟಿಗೆ ಇದೇ ದೊಡ್ಡ ಜರಡಿ. ನ್ಯಾವಿಗೇಷನ್ ಮತ್ತು ಹವಾಮಾನ ಪಾಸಾದ ಮಗುವಿಗೆ ತಾನು ಈ ಕೆಲಸಕ್ಕೆ ಒಗ್ಗುವೆನೋ ಇಲ್ಲವೋ ಗೊತ್ತಾಗಿರುತ್ತದೆ. ಇನ್ನೊಂದು ಲಾಭ: ಪೇಪರ್ ಮುಗಿಸಿದವರು ವಿಮಾನದ ಸಮಯ ಸಿಕ್ಕಾಗ ಹಾರುತ್ತಾರೆ; ಉಳಿದವರು ಹಾಸ್ಟೆಲ್ ಬಾಡಿಗೆ ಕಟ್ಟುತ್ತ ಪುಸ್ತಕ ತಿರುವುತ್ತಿರುತ್ತಾರೆ.

ಯಾವ ಶಾಲೆ?

ಲೈಸನ್ಸಿಗೆ ಬೇಕಾದದ್ದು 200 ಗಂಟೆಯ ಹಾರಾಟ. ಅದರಲ್ಲಿ 100 ಗಂಟೆ ತಾನೇ ಮುಖ್ಯ ಪೈಲಟ್ ಆಗಿ ಹಾರಿಸಿರಬೇಕು. ಒಮ್ಮೆ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರು, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಹೋಗಿರಬೇಕು. ರಾತ್ರಿ ಹಾರಾಟ 5 ಗಂಟೆ. ಈಗ ಒಂದು ಭಾಗಾಕಾರ ಮಾಡಿಸಿ. ತಿಂಗಳಿಗೆ 15 ಗಂಟೆ ಹಾರಿಸುವ ಶಾಲೆಯಲ್ಲಿ 200 ಗಂಟೆ ಹದಿನಾಲ್ಕು ತಿಂಗಳೊಳಗೆ ಮುಗಿಯುತ್ತದೆ. ತಿಂಗಳಿಗೆ 5 ಗಂಟೆಯಾದರೆ ಬೇಕಾಗುವುದು 40 ತಿಂಗಳು. ಫೀಜು ಎರಡೂ ಕಡೆ ಒಂದೇ ಇರಬಹುದು. ಎರಡನೆಯ ಕಡೆ ಎರಡು ವರ್ಷಕ್ಕೂ ಹೆಚ್ಚಿನ ಊಟ, ಬಾಡಿಗೆ, ಬಡ್ಡಿ ಯಾವ ಬ್ರೋಷರಿನಲ್ಲೂ ಇರುವುದಿಲ್ಲ.

ಆದ್ದರಿಂದ ಶಾಲೆಯ ಬಣ್ಣದ ಕಟ್ಟಡ ನೋಡಬೇಡಿ, ಕೇಳಬೇಕಾದದ್ದು ಬೇರೆ. ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇವೆ, ಹ್ಯಾಂಗರಿನಲ್ಲಿ ಬಿಚ್ಚಿಟ್ಟದ್ದು ಎಷ್ಟು? ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು? ಕಲಿಸುವವರು ಎಷ್ಟು ಜನ? ಕಳೆದ ವರ್ಷ ಲೈಸನ್ಸ್ ಪಡೆದವರಿಗೆ ಎಷ್ಟು ತಿಂಗಳು ಹಿಡಿಯಿತು? ಎರಡು ಎಂಜಿನ್ನಿನ ವಿಮಾನದ ತರಬೇತಿ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಈ ಫೀಜಿನಲ್ಲೇ ಬಂತೋ, ಬೇರೆಯೋ? ಇವೆರಡು ಇಲ್ಲದೆ ವಿಮಾನ ಕಂಪನಿಗಳು ಒಳಗೆ ಕರೆಯುವುದಿಲ್ಲ. ಉತ್ತರವನ್ನು ಆಫೀಸಿನವರಿಂದ ಕೇಳಿ, ಆಮೇಲೆ ಹೊರಗೆ ಚಹಾದಂಗಡಿಯಲ್ಲಿ ನಿಂತ ವಿದ್ಯಾರ್ಥಿಗಳ ಬಳಿ ಲಾಗ್‌ಬುಕ್ ತೋರಿಸಲು ಕೇಳಿ. ಲಾಗ್‌ಬುಕ್ಕಿನಲ್ಲಿ ತಾರೀಖು, ಗಂಟೆ ಎಲ್ಲ ಇರುತ್ತದೆ.

ಸುರಕ್ಷತೆಯ ಮಾತೂ ಕೇಳಲೇಬೇಕು. 2023ರ ಮೇ ತಿಂಗಳಲ್ಲಿ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಬೇಕಾಯಿತು, ಒಳಗಿದ್ದವರು ಬದುಕಿದರು. ಅದೇ ವರ್ಷ ಅಕ್ಟೋಬರಿನಲ್ಲಿ, ಸಾಲಾಗಿ ಅವಘಡಗಳಾದ ಒಂದು ಸಂಸ್ಥೆಯ ತರಬೇತಿಯನ್ನೇ ಡಿಜಿಸಿಎ ಕೆಲಕಾಲ ನಿಲ್ಲಿಸಿತು. ತರಬೇತಿ ನಿಂತರೆ ಮಗುವಿನ ಗಂಟೆಗಳೂ ನಿಲ್ಲುತ್ತವೆ, ಬಡ್ಡಿ ನಿಲ್ಲುವುದಿಲ್ಲ. 2025ರಿಂದ ಡಿಜಿಸಿಎ ಹಾರಾಟದ ಶಾಲೆಗಳಿಗೆ ದರ್ಜೆ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಅತಿ ಮೇಲಿನ ದರ್ಜೆ ಒಂದು ಶಾಲೆಗೂ ಸಿಗಲಿಲ್ಲ. ಆ ಪಟ್ಟಿ ಎಲ್ಲರಿಗೂ ನೋಡಲು ಸಿಗುತ್ತದೆ. ಹೋಗುವ ಮೊದಲು ಕೈಯಲ್ಲಿ ಇರಲಿ.

ನಮಗೆ ಹತ್ತಿರದವು ಸಾಂಬ್ರಾ, ಬಾರಾಮತಿ, ಕಲಬುರಗಿ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ತರಬೇತಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಮಹಾರಾಷ್ಟ್ರದ ಆಚೆ ತುದಿಗೆ ಗೋಂದಿಯಾ ಇದೆ. ಅಮರಾವತಿಯಲ್ಲಿ ಏರ್ ಇಂಡಿಯಾ ವರ್ಷಕ್ಕೆ 180 ಪೈಲಟ್‌ಗಳನ್ನು ತಯಾರಿಸುವ ಯೋಜನೆ ಹಾಕಿದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಕೇಂದ್ರ ಸರ್ಕಾರದ್ದು, ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಮೀಸಲಾತಿಯೂ ಇದೆ. ಸೇರದಿದ್ದರೂ ಆ ಪರೀಕ್ಷೆಯನ್ನು ಒಮ್ಮೆ ಬರೆಸಿ ನೋಡುವುದು ಒಳ್ಳೆಯದು. ಗಣಿತ, ಭೌತಶಾಸ್ತ್ರ, ಇಂಗ್ಲಿಷಿನಲ್ಲಿ ಮಗು ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ.

ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡಿಗೆ ಹೋಗಿ ಬೇಗ ಮುಗಿಸುವವರೂ ಇದ್ದಾರೆ. ಅಲ್ಲಿಯ ಲೈಸನ್ಸನ್ನು ಇಲ್ಲಿಯದಾಗಿ ಬದಲಿಸಲು ಮತ್ತೆ ಡಿಜಿಸಿಎ ಪರೀಕ್ಷೆ, ಹಾರಾಟದ ಪರೀಕ್ಷೆ ಆಗಬೇಕು. ಇಂಡಿಗೊ, ಏರ್ ಇಂಡಿಯಾದಂಥ ಕಂಪನಿಗಳ ಕೆಡೆಟ್ ದಾರಿಯಲ್ಲಿ ಮೊದಲೇ ಆಯ್ಕೆ ಆಗುತ್ತದೆ, ಟೈಪ್ ರೇಟಿಂಗೂ ಒಳಗೇ ಬರುತ್ತದೆ. ಆದರೆ ಖರ್ಚು ಕೋಟಿಯ ಹತ್ತಿರ, ಕೆಲವು ಕಡೆ ಕೋಟಿ ದಾಟುತ್ತದೆ. ಬೇರೆ ದಾರಿಗಳಲ್ಲಿ ಲೈಸನ್ಸ್ ಸಿಕ್ಕಿತೆಂದರೆ ನೌಕರಿ ಸಿಕ್ಕಿತು ಅಂತ ಅಲ್ಲ. ಕಂಪನಿಯ ಪರೀಕ್ಷೆ ಬೇರೆ. ಲೈಸನ್ಸ್ ಹಿಡಿದು ಕಾಯುವವರ ಸಾಲು ಯಾವಾಗಲೂ ಇರುತ್ತದೆ. "ನೌಕರಿ ಗ್ಯಾರಂಟಿ" ಎಂದು ಬಾಯಲ್ಲಿ ಹೇಳುವವರಿಗೆ ಬರೆದು ಕೊಡಲು ಹೇಳಿ.

ಹಣದ ದಾರಿ

ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತದೆ. ನಮ್ಮವರ ಆಸ್ತಿ ಎಂದರೆ ದ್ರಾಕ್ಷಿಯದೋ ದಾಳಿಂಬೆಯದೋ ಹೊಲ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ; ಹಾಗಾಗಿ ಹೊಲವನ್ನು ಅಡಮಾನವಾಗಿ ತೆಗೆದುಕೊಳ್ಳಲು ಬ್ಯಾಂಕು ಹಿಂದೆಮುಂದೆ ನೋಡುತ್ತದೆ. ಕೊನೆಗೆ ಮನೆಯವರು ಖಾಸಗಿ ಸಾಲಕ್ಕೆ ಹೋಗುತ್ತಾರೆ, ಇಲ್ಲವೇ ಹೊಲವನ್ನೇ ಮಾರುತ್ತಾರೆ. ಇದಕ್ಕೆ ಮೊದಲು ವಿದ್ಯಾರ್ಥಿವೇತನದ ಬಾಗಿಲು ತಟ್ಟಬೇಕು. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಸಿಪಿಎಲ್ ಕೂಡ ಸೇರಿದೆ. ಹಿಂದುಳಿದ ವರ್ಗ, ವಿಮುಕ್ತ ಮತ್ತು ಅಲೆಮಾರಿ ಸಮುದಾಯದ ಮಕ್ಕಳಿಗೆ ನಾಗಪುರದ ಮಹಾಜ್ಯೋತಿ ಸಂಸ್ಥೆ ನಾಗಪುರ ಫ್ಲೈಯಿಂಗ್ ಕ್ಲಬ್‌ನಲ್ಲಿ ಉಚಿತ ತರಬೇತಿ ಕೊಡಿಸಿದೆ. ಸೀಟು ಬಹಳ ಕಡಿಮೆ, ಜಾಹೀರಾತು ಬಂದಾಗ ಕಣ್ಣಿಡಬೇಕು. ಗಡಿಯವರಾದ ನಾವು ನೆನಪಿಡಬೇಕಾದ್ದು: ಕಲಿಕೆ ಕನ್ನಡದಲ್ಲಿ ಆಗಿದ್ದರೂ ನಮ್ಮ ಮಕ್ಕಳ ರಹಿವಾಸಿ ದಾಖಲೆ ಮಹಾರಾಷ್ಟ್ರದ್ದು. ಕರ್ನಾಟಕ ಸರ್ಕಾರ ತನ್ನ ನಿವಾಸಿಗಳಿಗೆ ಇಟ್ಟ ಸವಲತ್ತನ್ನು ನಂಬಿ ಕೂಡಬಾರದು. ಜಾತಿ ಪ್ರಮಾಣಪತ್ರ, ನಾನ್-ಕ್ರೀಮಿಲೇಯರ್ ಮುಂತಾದ ಕಾಗದ ಹನ್ನೆರಡನೆಯ ತರಗತಿಯಲ್ಲೇ ಮಾಡಿಸಿಟ್ಟರೆ ಒಳ್ಳೆಯದು.

ಫೀಜು ಕಟ್ಟುವುದೇ ಆದರೆ ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕಟ್ಟಿ. ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದು ಕಾಗದದ ಮೇಲೆ ಬರಲಿ. ಪೂರ್ತಿ ಹಣ ಮೊದಲೇ ಕೇಳುವ ಕಡೆಯಿಂದ ಎದ್ದು ಬನ್ನಿ.

ತರಗತಿಯಲ್ಲಿ

ಜತ್ತ ತಾಲೂಕಿನ ಪವನಚಕ್ಕಿಗಳು ಗಾಳಿ ಬರುವ ಕಡೆಗೆ ಮುಖ ತಿರುಗಿಸುವುದನ್ನು ಮಕ್ಕಳು ದಿನಾ ನೋಡುತ್ತಾರೆ. ವಿಮಾನವೂ ಗಾಳಿಗೆ ಎದುರಾಗಿಯೇ ಏರುತ್ತದೆ. ಯಾಕೆ? ರೆಕ್ಕೆಗೆ ಬೇಕಾದದ್ದು ಗಾಳಿಯ ಎದುರು ವೇಗ, ನೆಲದ ಮೇಲಿನ ವೇಗವಲ್ಲ. ಏರಲು 60 ನಾಟ್ ಬೇಕು, ಎದುರುಗಾಳಿ 15 ನಾಟ್ ಇದೆ ಎಂದುಕೊಳ್ಳಿ (1 ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.). ನೆಲದ ಮೇಲೆ 45 ನಾಟ್ ಓಡಿದರೆ ಸಾಕು. ಒಂಬತ್ತನೆಯ ತರಗತಿಯ ಚಲನೆಯ ಸಮೀಕರಣದಂತೆ, ವೇಗವೃದ್ಧಿ ಅಷ್ಟೇ ಇದ್ದರೆ ಓಡುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ; 45ನ್ನು 60ರಿಂದ ಭಾಗಿಸಿ ವರ್ಗ ಮಾಡಿದರೆ 0.56. ರನ್‌ವೇ ಮೇಲಿನ ಓಟ ಹೆಚ್ಚುಕಡಿಮೆ ಅರ್ಧಕ್ಕೆ ಬಂತು.

ಎರಡನೆಯದು ಸೆಕೆಯ ಲೆಕ್ಕ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣತೆ 10 ಡಿಗ್ರಿ. ಅದಕ್ಕಿಂತ ಹೆಚ್ಚಾದ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಕೂಡಿಸಬೇಕು ಎಂಬುದು ಪೈಲಟ್‌ಗಳ ಕೈಲೆಕ್ಕ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ 26 ಗುಣಿಸು 120, ಅಂದರೆ 3,120 ಅಡಿ. ಗಾಳಿ ತೆಳುವಾಗಿ, ವಿಮಾನ 5,600 ಅಡಿ ಎತ್ತರದ ನೆಲದಿಂದ ಏಳುವಂತೆ ತಿಣುಕುತ್ತದೆ. ಬೇಸಿಗೆಯಲ್ಲಿ ತರಬೇತಿ ಬೆಳಗು-ಸಂಜೆಗೆ ಸರಿಯುವುದು ಇದಕ್ಕೇ. ಮಳೆಗಾಲದಲ್ಲಿ ಬೆಳಗಾವಿಯ ಕಡೆ ಮೋಡ ಕೆಳಗಿಳಿಯುತ್ತದೆ, ಕಲಬುರಗಿಯ ಕಡೆ ಬೇಸಿಗೆ ಕಾಯುತ್ತದೆ. ಶಾಲೆ ಆರಿಸುವಾಗ "ವರ್ಷದಾಗ ಎಷ್ಟು ದಿನ ಹಾರ್ತೀರಿ?" ಎಂದು ಕೇಳುವುದರ ಹಿಂದೆ ಈ ಭೌತಶಾಸ್ತ್ರವಿದೆ.

ಮಕ್ಕಳಿಗೆ ಲೆಕ್ಕ:

1. ಡಿಸೆಂಬರ್ ಮುಂಜಾನೆ ಸಾಂಬ್ರಾದಲ್ಲಿ 16 ಡಿಗ್ರಿ ಇದ್ದರೆ ವಿಮಾನಕ್ಕೆ ಎಷ್ಟು ಎತ್ತರ ಎನಿಸುತ್ತದೆ?

2. ರನ್‌ವೇಗೆ 30 ಡಿಗ್ರಿ ಕೋನದಲ್ಲಿ 20 ನಾಟ್ ಗಾಳಿ ಬೀಸುತ್ತಿದೆ. ಅಡ್ಡಗಾಳಿ ಎಷ್ಟು?

3. 60 ನಾಟಿಕಲ್ ಮೈಲಿ ದೂರದ ಊರಿಗೆ ಹೊರಟ ವಿಮಾನದ ದಿಕ್ಕು 5 ಡಿಗ್ರಿ ತಪ್ಪಿದರೆ ಊರಿನಿಂದ ಎಷ್ಟು ಆಚೆ ಹೋಗಿರುತ್ತದೆ?

ಉತ್ತರ: 1) ಸುಮಾರು 3,220 ಅಡಿ. 2) 10 ನಾಟ್. 3) ಸುಮಾರು 5 ನಾಟಿಕಲ್ ಮೈಲಿ, ಅಂದರೆ 9 ಕಿಲೋಮೀಟರಿಗೂ ಹೆಚ್ಚು.