ತಾಯಿಯ ಓದು, ಮಗುವಿನ ಆಯುಸ್ಸು

ಶಾಲೆಯೊಂದರ ಐವತ್ತು ವರ್ಷಗಳ ಸಾಧನೆಯನ್ನು ಲೆಕ್ಕ ಹಾಕುವಾಗ ನಾವು ಉತ್ತೀರ್ಣರಾದವರ ಶೇಕಡಾವಾರು, ಕಲೋತ್ಸವದಲ್ಲಿ ಗೆದ್ದ ಬಹುಮಾನ, ಉನ್ನತ ಹುದ್ದೆಗೇರಿದ ಹಳೆ ವಿದ್ಯಾರ್ಥಿಗಳ ಹೆಸರು, ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಗಳು ಇವನ್ನು ಎಣಿಸುತ್ತೇವೆ. ಏಳನೆಯ ತರಗತಿಯವರೆಗೆ ಓದಿ, ಕೆಲವು ವರ್ಷ ಮನೆಯಲ್ಲಿ ಬೀಡಿ ಕಟ್ಟಿ, ಮದುವೆಯಾಗಿ ಪಕ್ಕದ ಗ್ರಾಮದ ಮನೆಯೊಂದನ್ನು ಸೇರಿದ ಹುಡುಗಿ ಈ ಲೆಕ್ಕದೊಳಗೆ ಬರುವುದಿಲ್ಲ. ದಾಖಲೆಯ ಪ್ರಕಾರ ಆಕೆ ಓದನ್ನು ಅರ್ಧಕ್ಕೆ ಬಿಟ್ಟವಳು. ಆದರೆ ಜಗತ್ತಿನ ನಾನಾ ಕಡೆ ಸಮಾಜವಿಜ್ಞಾನಿಗಳು ನಡೆಸಿದ ಅಧ್ಯಯನಗಳ ಒಂದು ಧಾರೆ ಇಂತಹ ಹುಡುಗಿಯನ್ನೇ ಕೇಂದ್ರದಲ್ಲಿರಿಸಿಕೊಂಡಿದೆ. ಆ ಅಧ್ಯಯನಗಳ ಸಾರವನ್ನು ನಮ್ಮ ಗಡಿನಾಡಿನ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

1979ರಲ್ಲಿ, ಎಂದರೆ ನಮ್ಮ ಶಾಲೆಯ ಮೊದಲ ತಂಡಗಳು ಮೇಲಿನ ತರಗತಿಗಳಿಗೆ ಏರುತ್ತಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಜನಸಂಖ್ಯಾಶಾಸ್ತ್ರಜ್ಞ ಜಾನ್ ಕಾಲ್ಡ್‌ವೆಲ್ ಅವರು ನೈಜೀರಿಯಾದ ಅಂಕಿಅಂಶಗಳನ್ನಾಧರಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಎಳೆಯ ಮಕ್ಕಳ ಸಾವಿಗೆ ಬಡತನ, ಆಸ್ಪತ್ರೆಯ ಅಭಾವ, ಕೊಳಕು ನೀರು ಕಾರಣಗಳೆಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಅದು ಸುಳ್ಳಲ್ಲ. ಆದರೆ ಕುಟುಂಬಗಳನ್ನು ಆದಾಯ, ತಂದೆಯ ಉದ್ಯೋಗ, ತಂದೆಯ ಓದು, ವಾಸಸ್ಥಳ ಎಂದು ವಿಂಗಡಿಸುತ್ತಾ ಹೋದಾಗ, ಇವೆಲ್ಲಕ್ಕಿಂತ ತಾಯಿ ಶಾಲೆಗೆ ಹೋದ ವರ್ಷಗಳೇ ಮಗು ಬದುಕುಳಿಯುವುದನ್ನು ಹೆಚ್ಚು ಖಚಿತವಾಗಿ ಸೂಚಿಸುತ್ತವೆಂದು ಅವರಿಗೆ ಕಂಡಿತು. ಒಂದೇ ಬೀದಿಯಲ್ಲಿ, ಹೆಚ್ಚುಕಡಿಮೆ ಒಂದೇ ವರಮಾನದಲ್ಲಿ ಬದುಕುವ ಎರಡು ಮನೆಗಳಲ್ಲಿ, ಓದಿದ ತಾಯಿಯ ಮಗು ಬದುಕುವ ಸಂಭವ ಹೆಚ್ಚು.

ಹಾಗಾದರೆ ಆಸ್ಪತ್ರೆಗೆ ಬೆಲೆಯಿಲ್ಲವೆ? ಈ ಪ್ರಶ್ನೆಗೂ ಉತ್ತರವಿದೆ. ಒರುಬುಲೊಯೆ ಎಂಬ ನೈಜೀರಿಯಾದ ವಿದ್ವಾಂಸರೊಡನೆ ಕಾಲ್ಡ್‌ವೆಲ್ ಅವರು ಅದೇ ದೇಶದ ಎರಡು ಊರುಗಳನ್ನು ಹೋಲಿಸಿ 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಎರಡೂ ಊರುಗಳ ಜನಜೀವನ ಒಂದೇ ಬಗೆಯದು. ಒಂದರಲ್ಲಿ ಆಸ್ಪತ್ರೆಯಿತ್ತು, ಇನ್ನೊಂದರಲ್ಲಿರಲಿಲ್ಲ. ಆಸ್ಪತ್ರೆಯೂ ಇಲ್ಲದ, ತಾಯಿಗೆ ಓದೂ ಇಲ್ಲದ ಸ್ಥಿತಿಯನ್ನು ಮೂಲವಾಗಿಟ್ಟುಕೊಂಡರೆ, ಆಸ್ಪತ್ರೆಯೊಂದರಿಂದಲೇ ಮಗುವಿನ ನಿರೀಕ್ಷಿತ ಆಯುಸ್ಸು ಶೇಕಡಾ 20ರಷ್ಟು ಹೆಚ್ಚಿತು. ತಾಯಿಯ ಓದೊಂದರಿಂದಲೇ ಶೇಕಡಾ 33ರಷ್ಟು ಹೆಚ್ಚಿತು. ಎರಡೂ ಇದ್ದಲ್ಲಿ ಶೇಕಡಾ 87ರಷ್ಟು ಹೆಚ್ಚಿತು. ಇಪ್ಪತ್ತು ಮತ್ತು ಮೂವತ್ತಮೂರು ಕೂಡಿದರೆ ಐವತ್ತಮೂರೇ ಆಗಬೇಕಷ್ಟೆ? ಉಳಿದುದು ಎಲ್ಲಿಂದ ಬಂತು? ಓದಿದ ತಾಯಿ ಆಸ್ಪತ್ರೆಯನ್ನು ಬಳಸಿಕೊಳ್ಳುವ ರೀತಿಯಿಂದ ಬಂತು ಎಂಬುದು ಅವರ ವಿವರಣೆ. ಸರಕಾರಗಳು ಶಿಕ್ಷಣ ಇಲಾಖೆಯನ್ನೂ ಆರೋಗ್ಯ ಇಲಾಖೆಯನ್ನೂ ಎರಡು ಬೇರೆ ಖಾತೆಗಳಾಗಿ ನಡೆಸುವುದರಲ್ಲಿ ಎಷ್ಟು ನಷ್ಟವಿದೆಯೆಂಬುದನ್ನು ಈ ಒಂದು ಲೆಕ್ಕವೇ ತೋರಿಸುತ್ತದೆಂದು ನನಗನಿಸುತ್ತದೆ.

ಈ ಬಳಸಿಕೊಳ್ಳುವ ರೀತಿ ಎಂದರೇನೆಂದು ತಿಳಿಯಲು ಆಫ್ರಿಕಾದವರೆಗೆ ಹೋಗಬೇಕಾಗಿಲ್ಲ. ಕಾಲ್ಡ್‌ವೆಲ್ ದಂಪತಿಗಳು ಬೆಂಗಳೂರಿನ ಪಿ. ಎಚ್. ರೆಡ್ಡಿ ಅವರೊಂದಿಗೆ ಸೇರಿ ದಕ್ಷಿಣ ಕರ್ನಾಟಕದ ಒಂದು ಗ್ರಾಮಸಮೂಹದಲ್ಲಿ ಕೆಲವು ವರ್ಷ ಕ್ಷೇತ್ರಕಾರ್ಯ ನಡೆಸಿದರು. ಅದರ ಫಲವಾಗಿ 1983ರಲ್ಲಿ ಒಂದು ಪ್ರಬಂಧವೂ 1988ರಲ್ಲಿ ಒಂದು ಗ್ರಂಥವೂ ಹೊರಬಂದುವು. ಪ್ರಶ್ನಾವಳಿ ತುಂಬಿಸಿ ಮರಳುವ ಸಮೀಕ್ಷೆ ಅದಾಗಿರಲಿಲ್ಲ; ಮತ್ತೆಮತ್ತೆ ಅದೇ ಮನೆಗಳಿಗೆ ಹೋಗಿ, ಕುಳಿತು, ಮಾತಾಡಿ ಸಂಗ್ರಹಿಸಿದ ತಿಳಿವಳಿಕೆ. ಅಲ್ಲಿ ಕಂಡುದು ನಮ್ಮ ಮನೆಗಳಲ್ಲಿ ನಾವೇ ಕಂಡಂತಹುದು. ಮಗುವಿಗೆ ಜ್ವರ ಬಂದರೆ ಏನು ಮಾಡಬೇಕೆಂದು ತೀರ್ಮಾನಿಸುವವಳು ಸೊಸೆಯಲ್ಲ, ಅತ್ತೆ. ಸೊಸೆ ಮಗುವಿನ ಮೈ ಬಿಸಿಯಾದುದನ್ನು ಮೊದಲು ಅರಿಯುತ್ತಾಳೆ, ಆದರೆ ಹೇಳುವ ಅಧಿಕಾರ ಅವಳಿಗಿಲ್ಲ. ಶಾಲೆಗೆ ಹೋಗಿ ಬಂದ ಸೊಸೆಯಾದರೋ ಕಾಯುವುದಿಲ್ಲ. ಅತ್ತೆಯೂ ಅವಳ ಮಾತಿಗೆ ಒಂದಿಷ್ಟು ಬೆಲೆ ಕೊಡುತ್ತಾಳೆ. ಅವಳಿಗೆ ಜೀವಶಾಸ್ತ್ರ ಹೆಚ್ಚು ಗೊತ್ತೆಂದಲ್ಲ. ಶಾಲೆಯ ಮೆಟ್ಟಿಲೇರಿದವಳು ಹೊರಗಿನ ಲೋಕದ ವ್ಯವಹಾರ ಬಲ್ಲವಳೆಂಬ ಭಾವನೆ ಮನೆಯಲ್ಲಿ ಹುಟ್ಟಿರುತ್ತದೆ.

ಅವರ ಇನ್ನೊಂದು ಅವಲೋಕನ ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿದಿದೆ. ಓದದ ತಾಯಿಯೂ ಮಗುವನ್ನು ವೈದ್ಯರ ಬಳಿಗೆ ಒಯ್ಯುತ್ತಾಳೆ. ಆದರೆ ಕೊಟ್ಟ ಔಷಧದಿಂದ ಗುಣವಾಗದಿದ್ದರೆ ಮತ್ತೆ ಅಲ್ಲಿಗೆ ಹೋಗಿ ಹೇಳುವುದಕ್ಕೆ ಹಿಂಜರಿಯುತ್ತಾಳೆ. ನಿಮ್ಮ ಮದ್ದು ನಾಟಲಿಲ್ಲ ಎನ್ನುವುದು ದೊಡ್ಡವರಿಗೆ ಮಾಡುವ ಅವಮಾನ ಎಂದು ಅವಳ ಭಾವನೆ. ಓದಿದವಳು ಮರುದಿನವೇ ಮಗುವನ್ನೆತ್ತಿಕೊಂಡು ಮರಳಿ ಹೋಗುತ್ತಾಳೆ. ಪಾಠ ಅರ್ಥವಾಗದಿದ್ದರೆ ಎದ್ದು ನಿಂತು ಕೇಳಬಹುದೆಂಬ ಅಭ್ಯಾಸ ಶಾಲೆಯಲ್ಲಿ ಬಂದಿರುತ್ತದಲ್ಲವೆ, ಅದೇ ಇಲ್ಲಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಎಷ್ಟು ತರಗತಿಗಳಲ್ಲಿ ಹುಡುಗಿಯರು ಎದ್ದು ನಿಂತು ಕೇಳುತ್ತಿದ್ದರು ಎಂಬುದು ಬೇರೆ ಮಾತು.

ಈ ವಾದಕ್ಕೆ ಎದುರಾದ ಆಕ್ಷೇಪಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು. ಓದಿದ ಹೆಣ್ಣು ಉತ್ತಮ ಸ್ಥಿತಿಯ ಮನೆಗೆ ಮದುವೆಯಾಗಿ ಹೋಗುತ್ತಾಳೆ. ಅಲ್ಲಿ ನಳ್ಳಿನೀರು, ಶೌಚಾಲಯ, ಓದಿದ ಗಂಡ ಎಲ್ಲವೂ ಇರುತ್ತದೆ. ಮಗು ಉಳಿಯುವುದು ಅವುಗಳಿಂದಲೇ ಹೊರತು ಅವಳ ಓದಿನಿಂದಲ್ಲ ಎಂಬುದು ಮುಖ್ಯ ಆಕ್ಷೇಪ. 1998ರಲ್ಲಿ ಸೋನಾಲ್ಡೆ ದೇಸಾಯಿ ಮತ್ತು ಸೌಮ್ಯಾ ಆಳ್ವ ಎಂಬ ವಿದುಷಿಯರು 22 ದೇಶಗಳ ಅಂಕಿಗಳನ್ನು ಹಿಡಿದು, ಇಂತಹ ಸೌಕರ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಶಿಶುಮರಣದ ಮೇಲೆ ತಾಯಿಯ ಓದಿನ ಪ್ರಭಾವ ಬಹಳಷ್ಟು ಕುಗ್ಗುತ್ತದೆಂದೂ, ಲಸಿಕೆ ಹಾಕಿಸುವ ವಿಷಯದಲ್ಲಿ ಮಾತ್ರ ಅದು ಬಲವಾಗಿಯೇ ಉಳಿಯುತ್ತದೆಂದೂ ತೋರಿಸಿದರು. ಇಂಡೋನೇಷ್ಯಾ ಸರಕಾರವು 1973ರಿಂದ ಕೆಲವೇ ವರ್ಷಗಳಲ್ಲಿ ಅರುವತ್ತು ಸಾವಿರಕ್ಕೂ ಮಿಕ್ಕಿ ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತ್ತು. ಶಾಲೆ ಬಂದ ಕಾಲಕ್ಕೆ ಸರಿಯಾಗಿ ಚಿಕ್ಕವರಾಗಿದ್ದವರನ್ನೂ ವಯಸ್ಸು ಮೀರಿಹೋಗಿದ್ದವರನ್ನೂ ಹೋಲಿಸಿದ ಒಂದು ಅಧ್ಯಯನವು, ಮಕ್ಕಳ ಸಾವು ತಗ್ಗುವುದಕ್ಕೆ ತಾಯಿಯ ಓದಿನಷ್ಟೇ ತಂದೆಯ ಓದೂ ಕಾರಣವೆಂದು ಕಂಡಿತು. ಆದುದರಿಂದ ಪ್ರಭಾವ ಎಷ್ಟು ದೊಡ್ಡದೆಂಬುದರಲ್ಲಿ ಮತಭೇದವಿದೆ. ಪ್ರಭಾವವೇ ಇಲ್ಲವೆನ್ನುವವರು ವಿರಳ. 2010ರಲ್ಲಿ 175 ದೇಶಗಳನ್ನು ಕುರಿತ ಒಂದು ಅಂದಾಜಿನ ಪ್ರಕಾರ 1970ರಿಂದ 2009ರೊಳಗೆ ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಉಂಟಾದ ಇಳಿಕೆಯ ಅರ್ಧದಷ್ಟು ಭಾಗ ಹೆಂಗಸರ ವಿದ್ಯಾಭ್ಯಾಸಕ್ಕೆ ಸಲ್ಲತಕ್ಕುದು.

ನಾವು 1956ರ ನವೆಂಬರ್ 1ರಂದು ಸೇರಿದ ಕೇರಳ ರಾಜ್ಯವೇ ಈ ಚರ್ಚೆಯಲ್ಲಿ ಮತ್ತೆಮತ್ತೆ ಬರುವ ಉದಾಹರಣೆ. ತಲಾ ಆದಾಯದಲ್ಲಿ ದೇಶದ ಸರಾಸರಿಗಿಂತ ಕೆಳಗಿದ್ದ ಕಾಲದಲ್ಲೇ ಈ ರಾಜ್ಯದ ಶಿಶುಮರಣ ಆಶ್ಚರ್ಯಕರವಾಗಿ ತಗ್ಗಿತ್ತು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವು 1975ರಲ್ಲಿ ಇದನ್ನು ಲೋಕದ ಗಮನಕ್ಕೆ ತಂದಿತು. 1961ರಲ್ಲಿ ಇಲ್ಲಿಯ ಹೆಂಗಸರಲ್ಲಿ ಸಾಕ್ಷರರು ಶೇಕಡಾ 39ರಷ್ಟು. ದೇಶದಲ್ಲಿ ಶೇಕಡಾ 13. 1991ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲು ತೀರಿಕೊಂಡವು ದೇಶದಲ್ಲಿ 80, ಕರ್ನಾಟಕದಲ್ಲಿ 77, ಕೇರಳದಲ್ಲಿ 16. 2020ರ ಲೆಕ್ಕದಲ್ಲಿ ಈ ಸಂಖ್ಯೆಗಳು ಕ್ರಮವಾಗಿ 28, 19 ಮತ್ತು 6. ಕರ್ನಾಟಕ ನಡೆದ ದಾರಿಯೂ ಸಣ್ಣದಲ್ಲವೆಂಬುದನ್ನು ಗಮನಿಸಬೇಕು.

ಆದರೆ ಈ ಕೀರ್ತಿಯ ಪೂರ್ವಕಥೆ ನಮ್ಮದಲ್ಲ. ಶಿಕ್ಷಣವು ಸರಕಾರದ ಹೊಣೆಯೆಂದು 1817ರಲ್ಲಿ ರಾಣಿ ಗೌರಿ ಪಾರ್ವತಿಬಾಯಿ ಹೊರಡಿಸಿದ ಆಜ್ಞೆ, 1879ರಲ್ಲಿ ನೌಕರರಿಗೂ ವಿದ್ಯಾರ್ಥಿಗಳಿಗೂ ಸಿಡುಬಿನ ಲಸಿಕೆಯನ್ನು ಕಡ್ಡಾಯಗೊಳಿಸಿದ ಘೋಷಣೆ, ಇವೆಲ್ಲ ತಿರುವಾಂಕೂರಿನವು. ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಉತ್ತರ ಭಾಗವು ತೆಂಕಣ ಭಾಗಕ್ಕೆ ಸಮೀಪ ಬರಲು ಏಕೀಕರಣದ ಅನಂತರ ದಶಕಗಳೇ ಬೇಕಾದುವು. ಜೋನ್ ಮೆಂಚರ್ ಎಂಬ ಅಮೆರಿಕದ ವಿದುಷಿ 1980ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಲವು ದಿನ ವೈದ್ಯರು ಬಾರದಿದ್ದರೆ ಜನ ಜಿಲ್ಲಾಧಿಕಾರಿಯ ಕಚೇರಿಯ ಮುಂದೆ ಸೇರಿ ಪ್ರತಿಭಟಿಸುತ್ತಾರೆಂದು ಹೇಳಿದ್ದರು. ಓದು ಒಬ್ಬ ತಾಯಿಯ ಮೂಲಕವಷ್ಟೇ ಅಲ್ಲ, ಕೇಳಿ ಪಡೆಯುವ ಒಂದು ಊರಿನ ಮೂಲಕವೂ ಮಗುವನ್ನು ಕಾಯುತ್ತದೆ. ಕೇಳುವುದಕ್ಕೆ ಭಾಷೆ ಬೇಕು.

ಭಾಷೆಯ ಪ್ರಶ್ನೆ ನಮಗೆ ಹತ್ತಿರದ್ದು. ರಾಬರ್ಟ್ ಲೆವೈನ್ ಮತ್ತು ಅವರ ಸಂಗಡಿಗರು ಮೆಕ್ಸಿಕೊ, ನೇಪಾಳ, ವೆನೆಜುವೇಲಾ, ಜಾಂಬಿಯಾ ಈ ನಾಲ್ಕು ದೇಶಗಳ ತಾಯಂದಿರನ್ನು ಅಧ್ಯಯನ ಮಾಡಿ 2012ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಆ ಹೆಂಗಸರಲ್ಲಿ ಉಳಿದುದು ಪಾಠದ ವಿಷಯವಲ್ಲ, ಪಾಠದ ಭಾಷೆ ಎಂದು ಅವರು ಕಂಡರು. ಮನೆಮಾತಿನಲ್ಲಿ ಎದುರಿಗಿದ್ದವರಿಗೆ ಎಲ್ಲವೂ ಗೊತ್ತಿರುತ್ತದೆ. ಅರ್ಧ ಹೇಳಿದರೆ ಸಾಕು. ಶಾಲೆಯ ಭಾಷೆ ಹಾಗಲ್ಲ. ಅಪರಿಚಿತನಿಗೆ ಎಲ್ಲವನ್ನೂ ಕ್ರಮವಾಗಿ, ಬಿಡಿಸಿ ಹೇಳುವ ಭಾಷೆ ಅದು. ಮಗುವಿಗೆ ಭೇದಿ ಎಂದಿನಿಂದ, ದಿನಕ್ಕೆ ಎಷ್ಟು ಸಲ, ಮೂತ್ರ ಹೋಗಿದೆಯೋ ಇಲ್ಲವೋ ಎಂದು ವೈದ್ಯರ ಮುಂದೆ ನಿರೂಪಿಸುವುದಕ್ಕೂ, ರೇಡಿಯೊದ ಆರೋಗ್ಯ ಸೂಚನೆಯನ್ನು ಹಿಡಿದುಕೊಳ್ಳುವುದಕ್ಕೂ ಬೇಕಾದುದು ಇದೇ.

ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ ಅಥವಾ ಮರಾಠಿ ಆಡುವ ಹುಡುಗಿಗೆ ಈ ಶಾಲೆಯ ಭಾಷೆಯಾಗಿ ದೊರೆತುದು ಪುಸ್ತಕದ ಕನ್ನಡ. ಮದ್ದಿನ ಚೀಟಿ ಇಂಗ್ಲಿಷಿನದು. ಕೇಂದ್ರದ ಗೋಡೆಯ ಫಲಕ ಹಲವೆಡೆ ಮಲೆಯಾಳದ್ದು. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಔಷಧವು ಶಿಶುಗಳಿಗೆ ತೊಟ್ಟಿನ ರೂಪದಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಮಿನಂತೆಯೂ, ದೊಡ್ಡ ಮಕ್ಕಳಿಗೆ ಪಾನಕದ ರೂಪದಲ್ಲಿ ಐದು ಮಿಲಿಲೀಟರಿಗೆ 125 ಮಿಲಿಗ್ರಾಮಿನಂತೆಯೂ ಬರುತ್ತದೆ. ಎಂದರೆ ತೊಟ್ಟಿನ ಔಷಧ ನಾಲ್ಕು ಪಟ್ಟು ಗಾಢ. ಹೆಸರು ಒಂದೇ, ಬಣ್ಣವೂ ಒಂದೇ ಇರಬಹುದು. ಓ.ಆರ್.ಎಸ್. ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಹಾಕಬೇಕು. ಲೋಟ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಇವನ್ನು ಓದಿ ತಿಳಿಯಬೇಕು, ಅಥವಾ ಕೇಳಿ ತಿಳಿಯಬೇಕು. ಯಾವ ಭಾಷೆಯಲ್ಲಿ?

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ನಾವು ಇದನ್ನು ಸಂಸ್ಕೃತಿಯ ರಕ್ಷಣೆಗೆಂದೇ ಉಲ್ಲೇಖಿಸುತ್ತಾ ಬಂದಿದ್ದೇವೆ. ಮೇಲಿನ ಅಧ್ಯಯನಗಳನ್ನು ಓದಿದ ಮೇಲೆ ಇದು ಆರೋಗ್ಯದ ವಿಧಿಯೂ ಹೌದೆಂದು ನಾನು ಭಾವಿಸುತ್ತೇನೆ. ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ, ಕೆಲವು ಮಿತ್ರರಿಗೆ ರುಚಿಸದಿದ್ದರೂ ಸರಿ: ಗಡಿನಾಡಿನ ಹುಡುಗಿಗೆ ರಾಜ್ಯದ ಭಾಷೆ ಓದಲು ಬಾರದಿರುವುದು ಅಭಿಮಾನದ ವಿಷಯವಲ್ಲ. ಕನ್ನಡದಲ್ಲಿ ಗಟ್ಟಿಯಾಗಿ ಓದು ಕಲಿತವಳಿಗೆ ಎರಡನೆಯ ಲಿಪಿ ಭಾರವಾಗದು. ಎರಡರಲ್ಲೂ ಅರೆಬರೆಯಾದರೆ ಮಾತ್ರ ಕಷ್ಟ.

ಓದು ಎಲ್ಲವನ್ನೂ ಮಾಡುತ್ತದೆಂಬ ಭ್ರಮೆಯೂ ಬೇಡ. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಗಡಿಯಲ್ಲಿ ನಿಲ್ಲಬೇಕಾಯಿತು. ವಿಷಯ ನ್ಯಾಯಾಲಯದವರೆಗೆ ಹೋಯಿತು. 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಆ ವರ್ಷದ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ನೈಜೀರಿಯಾದ ಆ ಎರಡು ಊರುಗಳ ಲೆಕ್ಕವನ್ನು ಇಲ್ಲಿ ಮತ್ತೊಮ್ಮೆ ನೆನೆಯಬಹುದು.

ಕೊನೆಯದಾಗಿ ಹಳೆ ವಿದ್ಯಾರ್ಥಿ ಸಂಘಕ್ಕೆ ಒಂದು ಸೂಚನೆ. ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ಸೇರಿದ ದಿನಾಂಕ, ಬಿಟ್ಟ ದಿನಾಂಕ, ಬಿಟ್ಟಾಗ ಓದುತ್ತಿದ್ದ ತರಗತಿ ಎಲ್ಲವೂ ಇರುತ್ತವೆ. ಮೊದಲ ಹತ್ತು ವರ್ಷಗಳ ಹುಡುಗಿಯರ ಪಟ್ಟಿ ಮಾಡಿ, ಇಂದು ಅಜ್ಜಿಯರಾಗಿರುವ ಅವರ ಒಪ್ಪಿಗೆ ಪಡೆದು, ನಾಲ್ಕೇ ಪ್ರಶ್ನೆ ಕೇಳಬಹುದು: ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಉಳಿದರು, ಮಗುವಿಗೆ ಕಾಯಿಲೆಯಾದಾಗ ಆಸ್ಪತ್ರೆಗೆ ಹೋಗಬೇಕೆಂದು ಮೊದಲು ಹೇಳಿದವರು ಯಾರು, ಅಲ್ಲಿ ಯಾವ ಭಾಷೆಯಲ್ಲಿ ಮಾತಾಡಿದಿರಿ. ಅದೇ ವಯಸ್ಸಿನ, ಅದೇ ಗ್ರಾಮದ, ಶಾಲೆಗೆ ಹೋಗದ ಹೆಂಗಸರನ್ನೂ ಇದೇ ನಾಲ್ಕು ಪ್ರಶ್ನೆ ಕೇಳಬೇಕು; ಇಲ್ಲದಿದ್ದರೆ ಹೋಲಿಕೆಗೆ ಆಧಾರವಿರುವುದಿಲ್ಲ. ಉತ್ತರಗಳನ್ನು ಹೆಸರಿಲ್ಲದೆ, ಸಂಖ್ಯೆಯಿಂದಷ್ಟೇ ಬರೆದಿಡಬೇಕು. ಹೈಸ್ಕೂಲಿನ ಮೇಲಿನ ತರಗತಿಯ ಹುಡುಗಿಯರೇ ಈ ಕೆಲಸಕ್ಕೆ ತಕ್ಕವರು, ಏಕೆಂದರೆ ಅಜ್ಜಿಯರು ಗಂಡಸರ ಮುಂದೆ ಈ ವಿಷಯಗಳನ್ನು ಬಿಚ್ಚಿ ಹೇಳುವುದಿಲ್ಲ. ಬೇಸಗೆಯ ರಜೆಯ ಎರಡು ತಿಂಗಳು ಸಾಕಾದೀತು.