ದೇವರಕಾಡು: ಒಂದೇ ಶಾಸ್ತ್ರಕ್ಕೆ ನಿಲುಕದ ಅಧ್ಯಯನ

ಕೊಡಗಿನ ದೇವರಕಾಡು, ಮಲೆನಾಡಿನ ಕಾನು, ಕರಾವಳಿಯ ನಾಗಬನ, ಮಹಾರಾಷ್ಟ್ರದ ದೇವರಾಯಿ - ಹೆಸರುಗಳು ಬೇರೆಯಾದರೂ ಇವುಗಳ ಹಿಂದಿರುವ ಕಟ್ಟಳೆಗಳಲ್ಲಿ ಒಂದು ಸಾಮ್ಯವಿದೆ. ಊರಿನವರು ತಮ್ಮ ನೆಲದ ಒಂದು ಭಾಗವನ್ನು ಸ್ವಂತ ಬಳಕೆಯಿಂದ ಪೂರ್ಣವಾಗಿಯೋ ಭಾಗಶಃವಾಗಿಯೋ ಹೊರಗಿರಿಸಿ, ಅಲ್ಲಿ ಮನಬಂದಂತೆ ಕೊಡಲಿ ಹಾಕಬಾರದೆಂದು ತಮಗೆ ತಾವೇ ನಿಯಮ ವಿಧಿಸಿಕೊಂಡರು. ಇವೆಲ್ಲವೂ ಒಂದೇ ಬಗೆಯವು ಎಂದಲ್ಲ. ಕಾನುಗಳಿಂದ ಮೆಣಸು ಮೊದಲಾದ ಹುಟ್ಟುವಳಿಯನ್ನು ಸಂಗ್ರಹಿಸುವ ರೂಢಿಯಿತ್ತು. ನಾಗಬನದಲ್ಲಾದರೋ ಎಲೆ ಕೀಳುವುದಕ್ಕೂ ಜನ ಅಂಜುತ್ತಿದ್ದರು. ಜೀವವೈವಿಧ್ಯ ಎಂಬ ಮಾತು ಹುಟ್ಟುವುದಕ್ಕೆ ಬಹಳ ಮೊದಲೇ ಜೀವವೈವಿಧ್ಯವನ್ನು ಕಾಯ್ದುಕೊಂಡು ಬಂದ ಈ ಏರ್ಪಾಡನ್ನು ಅರಿಯುವ ಹೊಣೆ ಯಾವ ಶಾಸ್ತ್ರದ್ದು ಎಂಬ ಪ್ರಶ್ನೆ ಇಲ್ಲಿ ವಿಚಾರಾರ್ಹವಾಗಿದೆ.

ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಸಸ್ಯವಿಜ್ಞಾನಿ. 1807ರಲ್ಲಿ ಪ್ರಕಟವಾದ ಆತನ ಪ್ರವಾಸಕಥನದ ಉತ್ತರ ಕನ್ನಡದ ಭಾಗದಲ್ಲಿ ಮಹತ್ವದ ಒಂದು ದಾಖಲೆಯಿದೆ. ಅಲ್ಲಿನ ಕಾಡುಗಳು ಆಯಾ ಊರಿನ ದೇವರ ಸೊತ್ತು. ಮರ ಕಡಿಯಬೇಕಾದರೆ ಗೌಡನ ಅಪ್ಪಣೆ ಬೇಕು. ಗೌಡನೇ ಆ ದೇವರ ಪೂಜಾರಿ. ಅಪ್ಪಣೆಗಾಗಿ ದೇವರಿಗೆ ಏನನ್ನೂ ಸಲ್ಲಿಸಬೇಕಾಗಿಲ್ಲ. ಕೇಳದೆ ಕಡಿದವನಿಗೆ ಮಾತ್ರ ದೇವರ ಮುನಿಸು ತಪ್ಪದು. ಇಷ್ಟನ್ನು ನಿಷ್ಕೃಷ್ಟವಾಗಿ ಬರೆದ ಬುಕಾನನ್, ಕಾಡಿನ ಮೇಲೆ ಸರ್ಕಾರ ಹಕ್ಕು ಸ್ಥಾಪಿಸದಂತೆ ಮಾಡಿದ ಉಪಾಯವಿದು ಎಂಬ ತೀರ್ಮಾನಕ್ಕೆ ಬರುತ್ತಾನೆ. ಆತನ ಕಣ್ಣು ಕಂಡದ್ದು ಸರಿ, ಅರ್ಥೈಸಿದ್ದು ಅರೆಬರೆ. ಕಾಣಿಕೆಯಿಲ್ಲದ ಅಪ್ಪಣೆ ಆದಾಯಕ್ಕಾಗಿ ಮಾಡಿದ್ದಲ್ಲ, ಮಿತಿಗಾಗಿ ಮಾಡಿದ್ದು ಎಂಬ ಸಾಧ್ಯತೆ ಆತನಿಗೆ ಹೊಳೆಯಲಿಲ್ಲ. ಅನಂತರದ ಅರಣ್ಯಾಡಳಿತವಂತೂ ಈ ಕಾಡುಗಳನ್ನು ಮುಖ್ಯವಾಗಿ ನಾಟಾ ಮತ್ತು ಕಂದಾಯದ ಲೆಕ್ಕದಲ್ಲಿ ಕಂಡಿತು.

ಈ ಅರೆನೋಟವನ್ನು ತಿದ್ದುವ ಕೆಲಸ ಪುಣೆಯ ಪರಿಸರದಲ್ಲಿ ನಡೆದುದು ಗಮನಾರ್ಹ. ಗಣಿತಜ್ಞರಾದ ಡಿ.ಡಿ. ಕೋಸಂಬಿಯವರು ಪುಣೆಯ ಸುತ್ತಣ ಹಳ್ಳಿಗಳಲ್ಲಿ ಕಾಲ್ನಡಿಗೆಯಿಂದ ತಿರುಗಿ ಮಾತೃದೇವತೆಗಳ ನೆಲೆಗಳನ್ನು ಗುರುತಿಸಿದರು. ಇಂಥ ಆರಾಧನೆಯ ಬೇರುಗಳು ನೇಗಿಲ ಬೇಸಾಯಕ್ಕೂ ಹಿಂದಿನ ಬದುಕಿನಲ್ಲಿವೆ ಎಂಬ ಅವರ ವಿಚಾರ 1962ರಲ್ಲಿ ಬಂದ ‘ಮಿತ್ ಅಂಡ್ ರಿಯಾಲಿಟಿ’ ಕೃತಿಯಲ್ಲಿ ಪ್ರತಿಪಾದಿತವಾಗಿದೆ. ಮುಂದಿನ ದಶಕದಲ್ಲಿ ಸಸ್ಯವಿಜ್ಞಾನಿ ವಿ.ಡಿ. ವರ್ತಕ್ ಹಾಗೂ ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ದೇವರಾಯಿಗಳನ್ನು ಹುಡುಕಿ ನಡೆದರು. ಸುತ್ತಲಿನ ಕಾಡು ಬರಿದಾದ ಎಡೆಗಳಲ್ಲೂ ಹಳೆಯ ಮರಗಳು, ಬೃಹತ್ ಬಳ್ಳಿಗಳು ಅಲ್ಲಿ ಉಳಿದಿದ್ದವು. 1976ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಗಿಡಮರಗಳ ವಿವರ ಮಾತ್ರವಲ್ಲ, ದೇವತೆಯ ಸ್ವರೂಪ ಮತ್ತು ಆಚರಣೆಗಳ ವಿಚಾರವೂ ಇದೆ. ಬನಗಳ ಪ್ರಾಚೀನತೆಯನ್ನು ತರ್ಕಿಸಲು ಅವರಿಗೆ ಆಧಾರವಾದುದು ಕೋಸಂಬಿಯವರ ಇತಿಹಾಸದೃಷ್ಟಿ. ಗಣಿತಜ್ಞನೊಬ್ಬ ಇತಿಹಾಸಕ್ಕೆ ಇಳಿಯದಿದ್ದರೆ, ಸಸ್ಯವಿಜ್ಞಾನಿ ದೇವರ ಹೆಸರು ಕೇಳದಿದ್ದರೆ, ಈ ಅಧ್ಯಯನಕ್ಕೆ ಈ ಸ್ವರೂಪ ಬರುತ್ತಿರಲಿಲ್ಲ.

ಕೊಡಗಿನ ನಿದರ್ಶನ ಇದನ್ನೇ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಆ ಜಿಲ್ಲೆಯೊಂದರಲ್ಲೇ ಸುಮಾರು 1,200 ದೇವರಕಾಡುಗಳು ದಾಖಲಾಗಿದ್ದು, ಅವುಗಳಲ್ಲಿ ಬಹುಪಾಲು ತೀರ ಚಿಕ್ಕವು. ಅಯ್ಯಪ್ಪನ ಬನಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ಬೇಟೆಯ ಬದುಕಿನ ನೆನಪನ್ನು ಇಂದಿಗೂ ಹೊತ್ತು ನಿಂತಿವೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ದೇವತೆಗಳ ಹಾಡುಗಳನ್ನು ಕಾಪಾಡಿಕೊಟ್ಟಿತು. ಇತ್ತ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇವರಕಾಡು, ಕಾಫಿ ತೋಟ, ಕಾದಿಟ್ಟ ಅರಣ್ಯ - ಈ ಮೂರರಲ್ಲಿಯೂ ಮರ, ಹಕ್ಕಿ ಹಾಗೂ ಅಣಬೆಗಳನ್ನು ಎಣಿಸಿ ಹೋಲಿಸಲಾಯಿತು. ದೇವರಕಾಡನ್ನು ಒಂಟಿ ದ್ವೀಪವೆಂದು ಬಗೆಯದೆ ಸುತ್ತಲಿನ ನೆರಳುಮರದ ತೋಟಗಳೊಡನೆ ಸೇರಿಸಿ ನೋಡಬೇಕೆಂಬುದು ಅಲ್ಲಿಂದ ಹೊರಟ ವಿವೇಕ. ಹಾಡಿನ ಸಂಗ್ರಹ ಮತ್ತು ಹಕ್ಕಿಯ ಎಣಿಕೆ ಒಂದೇ ಕಾಡಿನ ಎರಡು ದಾಖಲೆಗಳು. ಆದರೂ ಅವು ಒಂದೇ ಮೇಜಿನ ಮೇಲೆ ಸೇರುವುದು ಅಪರೂಪ.

ಭಾಷೆಯ ಅಧ್ಯಯನಕ್ಕೆ ಇಲ್ಲಿರುವ ಪಾಲು ಅಲಂಕಾರಕ್ಕಾಗಿ ಅಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ನೋಡಬಹುದು. ನಡುಹಗಲಲ್ಲೂ ಬೆಳಕು ನೆಲ ಮುಟ್ಟದ ದಟ್ಟಣೆಯನ್ನು ಆ ಹೆಸರೇ ಸಾರುತ್ತದೆ. ನೀರು ನಿಂತ ಕೆಸರಿನಿಂದ ಮಂಡಿಬೇರುಗಳನ್ನು ಮೇಲೆತ್ತಿ ಉಸಿರಾಡುವ ರಾಮಪತ್ರೆ ಜಡ್ಡಿಗಳು ಅಲ್ಲಿವೆ. ಗೇರುಜಾತಿಗೆ ಸಂಬಂಧಿಸಿದ ಹೊಸ ಮರವೊಂದನ್ನು ವಿಜ್ಞಾನಿಗಳು 2000ದಲ್ಲಿ ಅಲ್ಲಿಂದ ವರ್ಣಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ಕತ್ತಲೆಕಾನಿನ ಹೆಸರನ್ನೇ ಸೇರಿಸಿದರು. ಸ್ಥಳನಾಮಗಳನ್ನು ವಿಂಗಡಿಸುವ ವಿದ್ಯಾರ್ಥಿಯ ಪಟ್ಟಿಯಲ್ಲಿ ಇಂಥ ಕಾನು, ಬನ, ಜಡ್ಡಿಗಳು ಎಷ್ಟೋ ಇವೆ. ಅದನ್ನು ನಕ್ಷೆಯ ಮೇಲೆ ಹರಡಿದರೆ ಅಳಿದ ಕಾಡಿನ ಗಡಿಗಳೂ ಗೋಚರಿಸಬಹುದು.

2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಿ, ಜನರ ತಿಳಿವಳಿಕೆಯನ್ನೂ ಒಳಗೊಂಡ ದಾಖಲೆಗಳನ್ನು ಸಿದ್ಧಪಡಿಸಬೇಕಾಗಿದೆ. ಕನ್ನಡದಲ್ಲಿ ಮುರುಗಲು, ತುಳುವಿನಲ್ಲಿ ಪುನರ್ಪುಳಿ, ಕೊಂಕಣಿಯಲ್ಲಿ ಬಿರಿಂಡ, ಮರಾಠಿಯಲ್ಲಿ ಕೋಕಂ - ಇವು ಒಂದೇ ಮರ. ಉಪ್ಪಾಗೆ ಅದರ ದಾಯಾದಿ. ಕೊಡಗಿನ ಕಾಚಂಪುಳಿ ಸಿದ್ಧವಾಗುವುದು ಈ ಉಪ್ಪಾಗೆಯ ಹಣ್ಣಿನಿಂದ. ಪುಳಿ ಎಂಬ ಪದ ಎರಡೂ ಕಡೆ ಬರುವುದರಿಂದ, ಭಾಷೆ ಅರಿಯದ ದಾಖಲೆಗಾರ ಒಂದು ಮರವನ್ನು ನಾಲ್ಕೆಂದೋ ಎರಡನ್ನು ಒಂದೆಂದೋ ಬರೆದಾನು. ಮರ ಅರಿಯದ ಭಾಷಾವಿದ್ವಾಂಸನೂ ಅದೇ ತಪ್ಪನ್ನು ಮಾಡಿಯಾನು.

ಈ ಎರಡನ್ನೂ ಬಲ್ಲವರಿಗೆ ಕನ್ನಡದಲ್ಲಿ ಮೇಲ್ಪಂಕ್ತಿಯಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಆಗಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಹೊರನಾಡಿನಲ್ಲಿದ್ದುಕೊಂಡೇ ಅವರು ಸಾಧಿಸಿದ ಈ ಬೆಸುಗೆ ಹೊರನಾಡ ಕನ್ನಡ ವಿಭಾಗಗಳಿಗೆ ಮನನೀಯ.

ಮನನೀಯವಾದುದು ಇನ್ನೊಂದೂ ಇದೆ. ಮುಂಬಯಿಯಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳು ಊರಿನ ನಾಗಬನವನ್ನು ಮರೆತಿಲ್ಲ. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಬನಗಳಲ್ಲಿ ಮರಬಳ್ಳಿಗಳು ಹೋಗಿ ಸಿಮೆಂಟಿನ ಕಟ್ಟೆ, ಹಾಸುಗಲ್ಲು ಬಂದಿವೆ. ನಾಗನ ಕಲ್ಲು ಉಳಿದು ಬನ ಅಳಿದ ಈ ಸ್ಥಿತಿಗೆ ಭಕ್ತಿಯ ಕೊರತೆ ಕಾರಣವಲ್ಲ; ಅಲ್ಲಿ ಭಕ್ತಿ ಉಳಿದಿದೆ, ಕಟ್ಟಳೆಯ ಅರ್ಥ ಮಾಸಿದೆ. ಆದುದರಿಂದ ನಂಬಿಕೆಯೊಂದೇ ಕಾಡನ್ನು ಕಾಯುತ್ತದೆಂಬ ಭಾವುಕತೆ ಸಲ್ಲದು; ಕಾಯಿದೆಯೊಂದೇ ಕಾಯುತ್ತದೆಂಬುದೂ ಸಲ್ಲದು. ಬನವೆಂದರೆ ಕಲ್ಲಲ್ಲ, ಕಲ್ಲನ್ನು ಸುತ್ತಿದ ಮರ, ಬಳ್ಳಿ, ಹುತ್ತ, ನೀರು ಎಲ್ಲವೂ ಎಂಬುದನ್ನು ಆ ಕುಟುಂಬಗಳಿಗೆ ಅವರದೇ ನುಡಿಯಲ್ಲಿ, ಅವರದೇ ಹಾಡು-ಐತಿಹ್ಯಗಳ ಮೂಲಕ ನೆನಪಿಸಬಲ್ಲವರು ಕನ್ನಡ ಮತ್ತು ಜಾನಪದದ ಅಧ್ಯಾಪಕರು. ಸಸ್ಯವಿಜ್ಞಾನಿ ಅವರ ಜೊತೆಗಿದ್ದರೆ ಮುಂದಿನ ಜೀರ್ಣೋದ್ಧಾರ ಒಂದು ಸಸಿ ನೆಡುವುದರಿಂದ ಆರಂಭವಾಗಬಹುದು.