ಅಮೋನಿಯ ಮತ್ತು ನವಸಾಗರ: ಎರಡು ಪದಗಳ ನಿಷ್ಪತ್ತಿ ವಿಚಾರ

ಪದವೊಂದರ ರೂಪ ಸಂಸ್ಕೃತದಂತೆ ಕಂಡ ಮಾತ್ರಕ್ಕೆ ಅದರ ಮೂಲವೂ ಸಂಸ್ಕೃತವೇ ಆಗಿರಬೇಕಿಲ್ಲ. ಶೀತಲೀಕರಣದಲ್ಲಿ ಬಳಕೆಯಾಗುವ ಅಮೋನಿಯದ ಹೆಸರನ್ನೂ, ಅದರ ಲವಣವೊಂದಕ್ಕೆ ಕನ್ನಡದಲ್ಲಿರುವ 'ನವಸಾಗರ' ಎಂಬ ಹೆಸರನ್ನೂ ಒಟ್ಟಿಗೆ ಇರಿಸಿ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ರಾನ್ಸಿನ ಫರ್ಡಿನಾಂಡ್ ಕಾರೆ ೧೮೫೯ರಲ್ಲಿ, ಜರ್ಮನಿಯ ಕಾರ್ಲ್ ಫಾನ್ ಲಿಂಡೆ ೧೮೭೦ರ ದಶಕದಲ್ಲಿ ಅಮೋನಿಯ ಬಳಸುವ ಶೀತಲ ಯಂತ್ರಗಳನ್ನು ರೂಪಿಸಿದರು. ಇಂದಿಗೂ ಮಂಜುಗಡ್ಡೆ ಕಾರ್ಖಾನೆ, ಶೈತ್ಯಾಗಾರಗಳಲ್ಲಿ ಈ ಅನಿಲ ಬಳಕೆಯಲ್ಲಿದೆ. ತಂತ್ರಜ್ಞರು ಇದಕ್ಕೆ ಕೊಟ್ಟಿರುವ ಸಂಕೇತ ಆರ್-೭೧೭. ೭೦೦ರ ಶ್ರೇಣಿ ನಿರವಯವ ವಸ್ತುಗಳನ್ನೂ, ೧೭ ಅದರ ಅಣುತೂಕವನ್ನೂ ಸೂಚಿಸುತ್ತವೆ. 'ಅಮೋನಿಯ' ಎಂಬ ಹೆಸರಿನ ಚರಿತ್ರೆ ಇಷ್ಟು ಸರಳವಾಗಿಲ್ಲ.

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಟೋರ್ಬೆರ್ನ್ ಬೆರ್ಗ್‌ಮನ್ ೧೭೮೨ರಲ್ಲಿ ಈ ಹೆಸರನ್ನು ಟಂಕಿಸಿದನು. 'ಸಾಲ್ ಅಮೋನಿಯಾಕ್', ಅಂದರೆ 'ಅಮೋನನ ಉಪ್ಪು', ಇದಕ್ಕೆ ಆಧಾರ. ಈಜಿಪ್ಟಿನ ಸಿವಾ ಮರುದ್ಯಾನದಲ್ಲಿ ಅಮುನ್ ದೇವರ ಪ್ರಸಿದ್ಧ ದೇವಾಲಯವಿತ್ತು. ಗ್ರೀಕರು ಆ ದೇವರನ್ನು ಅಮೋನ್ ಎಂದರು. ಆದರೆ ರೋಮಿನ ಪ್ಲಿನಿ ಈ ಉಪ್ಪಿನ ಹೆಸರನ್ನು ಮರಳು ಎಂಬರ್ಥದ ಗ್ರೀಕ್ ಪದದೊಡನೆ ಜೋಡಿಸುತ್ತಾನೆ. ಅವನು ವರ್ಣಿಸಿದ್ದು ನೆಲದಲ್ಲಿ ದೊರೆಯುವ ಸಾಮಾನ್ಯ ಉಪ್ಪಿನ ಒಂದು ಬಗೆ ಇರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಅದೇ ಹೆಸರು ಮುಂದೆ ಬೇರೊಂದು ವಸ್ತುವಿಗೆ, ಅಂದರೆ ಅಮೋನಿಯಂ ಕ್ಲೋರೈಡಿಗೆ, ಸಂದಿತು.

ಪೂರ್ವದ ಭಾಷೆಗಳಲ್ಲಿ ಇದೇ ಲವಣಕ್ಕೆ ಬೇರೊಂದು ಪದಕುಲವಿದೆ. ಪಾರಸಿಯ 'ನೌಶಾದರ್', ಅರಬ್ಬಿಯ 'ನುಶಾದಿರ್', ತುರ್ಕಿಯ 'ನಿಶಾದಿರ್', ರಷ್ಯನ್ನಿನ 'ನಶಾತಿರ್', ಹಿಂದಿಯ 'ನೌಸಾದರ್' ಇವೆಲ್ಲ ಪರಸ್ಪರ ಸಂಬಂಧಿಗಳು. ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ನೆಲದೊಳಗಿನ ಕಲ್ಲಿದ್ದಲು ಉರಿಯುವೆಡೆ ಆವಿಯಿಂದ ಈ ಲವಣ ಹೆಪ್ಪುಗಟ್ಟುತ್ತಿತ್ತು. ವ್ಯಾಪಾರದ ದಾರಿಯಲ್ಲಿ ವಸ್ತುವಿನೊಡನೆ ಹೆಸರೂ ಸಂಚರಿಸಿತು.

ಸಂಸ್ಕೃತದಲ್ಲಿ ಇದಕ್ಕೆ ನವಸಾರ, ನರಸಾರ, ನವಸಾದರ ಎಂಬ ರೂಪಗಳಿವೆ. ರಸಶಾಸ್ತ್ರದ 'ರಸರತ್ನಸಮುಚ್ಚಯ'ವು ನವಸಾರವನ್ನು ಸಾಧಾರಣ ರಸಗಳಲ್ಲಿ ಎಣಿಸುತ್ತದೆ. ರೂಪಗಳ ಈ ಅಸ್ಥಿರತೆಯೇ ಪದವು ಹೊರಗಿನಿಂದ ಬಂದಿತೆಂಬುದಕ್ಕೆ ಸೂಚನೆ. ಪರಿಚಿತ ಧಾತುವಿಲ್ಲದ ಪದಕ್ಕೆ ಪರಿಚಿತವಾದ 'ಸಾರ'ವನ್ನು ಜೋಡಿಸಿ ಅರ್ಥ ಕೊಡುವ ಯತ್ನ ಇಲ್ಲಿ ಕಾಣುತ್ತದೆ. ತಮಿಳಿನ 'ನವಚ್ಚಾರಂ' ಆ ರೂಪಕ್ಕೆ ಸಮೀಪವಾಗಿದೆ. ಕನ್ನಡ, ಮರಾಠಿಗಳ 'ನವಸಾಗರ' ಇನ್ನೂ ಒಂದು ಹೆಜ್ಜೆ ಮುಂದಿನದು. ಉಪ್ಪೆಂದೊಡನೆ ಕಡಲು ನೆನಪಾಗುವುದು ಸಹಜ. ಆದರೆ ಈ ಲವಣಕ್ಕೂ ಕಡಲಿಗೂ ಸಂಬಂಧವಿಲ್ಲ. ಇದು ಜಾನಪದ ನಿಷ್ಪತ್ತಿಯ ಒಳ್ಳೆಯ ನಿದರ್ಶನ.

ಕಲಾಯಿ ಹಾಕುವವರು ಕಾದ ಪಾತ್ರೆಯ ಮೇಲೆ ನವಸಾಗರದ ಪುಡಿ ಉದುರಿಸಿದಾಗ ಏಳುವ ಘಾಟು ಅಮೋನಿಯದ್ದೇ. ಪಠ್ಯಪುಸ್ತಕದ ಅಮೋನಿಯವೂ ಕಲಾಯಿಯವರ ನವಸಾಗರವೂ ಹೀಗೆ ವಸ್ತುವಿನಲ್ಲಿ ಕೂಡುತ್ತವೆ, ಪದಮೂಲದಲ್ಲಿ ಬೇರೆಯಾಗುತ್ತವೆ.

ಕೇಶಿರಾಜನ ಕಾಲದಿಂದ ಬಂದಿರುವ ತತ್ಸಮ, ತದ್ಭವಗಳ ವಿಭಜನೆಯಲ್ಲಿ 'ನವಸಾಗರ'ಕ್ಕೆ ನೆಲೆ ಸಿಗುವುದು ಕಷ್ಟ. ನೋಟಕ್ಕೆ ತತ್ಸಮ, ಚರಿತ್ರೆಯಲ್ಲಿ ಅನ್ಯದೇಶ್ಯ. ಇಂಥ ಪದಗಳನ್ನು 'ನವ' ಮತ್ತು 'ಸಾಗರ' ಎಂದು ಒಡೆದು ಸಮಾಸವೆನ್ನುವ ಬದಲು, ವಸ್ತುವಿನ ವ್ಯಾಪಾರ ಹಾಗೂ ಬಳಕೆಯ ಚರಿತ್ರೆಯೊಡನೆ ನಿಷ್ಪತ್ತಿಯನ್ನು ಪರಿಶೀಲಿಸುವುದು ನಿಘಂಟುಕಾರರಿಗೆ ಅಗತ್ಯ. ಕಸುಬಿನ ಪದಗಳ ಅಧ್ಯಯನಕ್ಕೆ ಇದು ಉಪಯುಕ್ತ ಮಾರ್ಗವಾಗಬಲ್ಲದು.